ಪದಚರ್ಚೆ: ಹವಳದ ತೊಟ್ಟಿಯ ‘ಪಾರ್’ಗೆ ಏನನ್ನೋಣ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಸಣ್ಣ ಗಾಜಿನ ತೊಟ್ಟಿಯಿಟ್ಟು ಹವಳ ಸಾಕುವವರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಡಿಮೆ ಖರ್ಚಿನಲ್ಲಿ ಸರಿಯಾದ ದೀಪ ಆರಿಸಿಕೊಳ್ಳುವುದು ಹೇಗೆ ಎಂಬುದು ವಿಷಯ. ರಾತ್ರಿಯೊಳಗೆ ಪುಟ ಜೋಡಿಸುವವರ ಕೈಸೇರಬೇಕು. ನಾಲ್ಕು ಕಡೆ ಕಾಲು ಹೂತುಕೊಂಡಿದೆ.

ದೊಡ್ಡದು ‘ಪಾರ್’ (ಇಂಗ್ಲಿಷಿನ PAR), ಗಿಡ, ಪಾಚಿಗಳು ಆಹಾರ ಮಾಡಿಕೊಳ್ಳಲು ಬಳಸುವ ಬೆಳಕು. 400ರಿಂದ 700 ನ್ಯಾನೊಮೀಟರ್ ಅಲೆಯುದ್ದದ ಬೆಳಕು ಅದು. ಚದರ ಮೀಟರಿಗೆ, ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಫೋಟಾನು (ಬೆಳಕಿನ ಕಣ) ಬಿತ್ತು ಎಂದು ಅಳೆಯುತ್ತಾರೆ. ಪಠ್ಯಪುಸ್ತಕದ ದಾರಿ ಹಿಡಿದರೆ ‘ದ್ಯುತಿಸಂಶ್ಲೇಷಣಾ ಸಕ್ರಿಯ ವಿಕಿರಣ’. ಪುಟಪುಟದಲ್ಲೂ ಬರುವ ಪದ ಇದು. ‘ವಿಕಿರಣ’ ಕಂಡರೆ ಓದುವವರು ತೊಟ್ಟಿಯಿಂದ ಎರಡು ಹೆಜ್ಜೆ ಹಿಂದೆ ಸರಿದಾರು. ‘ಬೆಳಕಿನ ತೀವ್ರತೆ’ ಎಂದರೆ ಲ್ಯೂಮೆನ್ ಅಂದುಕೊಳ್ಳುತ್ತಾರೆ, ಅದನ್ನು ತಪ್ಪಿಸಲೆಂದೇ ಹೊತ್ತಗೆ ಬರೆದಿರುವುದು. ಲ್ಯೂಮೆನ್ ನಮ್ಮ ಕಣ್ಣಿನ ಲೆಕ್ಕ: 555 ನ್ಯಾನೊಮೀಟರಿನ ಹಸಿರಿಗೆ ಪೂರ್ತಿ ಅಂಕ, ನೀಲಿಗೆ ಜುಜುಬಿ. ಹವಳದ ಮೈಯೊಳಗೆ ಕೂತ ಪಾಚಿ ಹೆಚ್ಚಾಗಿ ಬಳಸುವುದು ನೀಲಿಯನ್ನೇ. ಡಬ್ಬದ ಮೇಲೆ ಲ್ಯೂಮೆನ್ ನೋಡಿ ದೀಪ ತಂದವರ ತೊಟ್ಟಿ ಝಗಮಗ ಅನ್ನುತ್ತಿರುತ್ತದೆ, ಹವಳ ಸೊರಗುತ್ತಿರುತ್ತದೆ.

ಉಳಿದ ಮೂರು: ಬ್ಲೀಚಿಂಗ್ (ಹವಳ ಬಣ್ಣ ಕಳೆದುಕೊಂಡು ಬೆಳ್ಳಗಾಗುವುದು), ಸ್ಪೆಕ್ಟ್ರಮ್ (ಬೆಳಕಿನೊಳಗಿನ ಬಣ್ಣಗಳ ಹರವು), ಮತ್ತು ಹೆಸರಿನ ಸಾಲಿನಲ್ಲಿ ‘ಅಗ್ಗದ ದೀಪ’ವೋ ‘ಕೈಗೆಟುಕುವ ದೀಪ’ವೋ. ರೀಫ್ ಟ್ಯಾಂಕಿಗೆ ಸದ್ಯ ‘ಹವಳದ ತೊಟ್ಟಿ’ ಎಂದು ಬರೆದಿದ್ದೇನೆ.

— ಸು.

ಮರು:

ಇಷ್ಟಕ್ಕೆ ಇಷ್ಟು ಪೇಚಾಟವೇ? ಪಾರ್ = ಉಣ್ಬೆಳಕು. ರೀಫ್ ಟ್ಯಾಂಕ್ = ಹವಳಗೊಳ. ಬ್ಲೀಚಿಂಗ್ = ಚಲುವೆ. ಕನ್ನಡದಲ್ಲಿ ಇಲ್ಲದ್ದು ಯಾವುದಿದೆ? ‘ದೀಪ’ವನ್ನೂ ಬಿಟ್ಟು ‘ಸೊಡರು’ ಬಳಸಿ. ‘ಹೊತ್ತಗೆ’ ಎಂದು ಬರೆದಿದ್ದೀರಲ್ಲ, ಅಷ್ಟಕ್ಕೆ ಮೆಚ್ಚಿದೆ.

— ವೆಂ.

ಮರು:

> ‘ಹೊತ್ತಗೆ’ ಎಂದು ಬರೆದಿದ್ದೀರಲ್ಲ, ಅಷ್ಟಕ್ಕೆ ಮೆಚ್ಚಿದೆ.

ಪುಸ್ತಕವೇ ಪ್ರಾಕೃತದ ಓಣಿ ಹಾದು, ಪೊತ್ತಗೆಯಾಗಿ, ಹೊತ್ತಗೆಯಾಗಿ ಬಂದದ್ದು. ಮೆಚ್ಚುಗೆ ವಾಪಸು ತೆಗೆದುಕೊಳ್ಳಿ.

ಉಣ್ಬೆಳಕು ಕಿವಿಗೆ ಇಂಪು, ಅರ್ಥಕ್ಕೆ ಅಡ್ಡ. ಹವಳ ಬೆಳಕನ್ನು ಉಣ್ಣುವುದಿಲ್ಲ. ಬೆಳಕಿನಲ್ಲಿ ಅಡುಗೆ ಮಾಡುವುದು ಒಳಗಿರುವ ಒಂಟಿಕಣದ ಪಾಚಿ, ಹವಳದ್ದು ಊಟದ ಪಾಲು ಮಾತ್ರ. ಹಾಗಂತ ‘ಅಡುಗೆ ಬೆಳಕು’ ಅನ್ನಹೋದರೆ ಅಡುಗೆಮನೆಯ ದೀಪವಾದೀತು.

ಚಲುವೆ ಅಪಾಯ. ‘ಚಲುವೆ ಪುಡಿ’ ಬಲ್ಲ ಯಾರೋ ಒಬ್ಬರು ಅದನ್ನು ತೊಟ್ಟಿಗೆ ಸುರಿದರೆ ಹೊಣೆ ಯಾರು?

— ರಾ.

ಮರು:

ಇಬ್ಬರೂ ಮೂಲವನ್ನೇ ಬಿಟ್ಟಿರಿ. ಬೆಳಕು, ಬೆಳಗು, ಬೆಳ್ಳಿ, ಬೆಳ್ದಿಂಗಳು ಎಲ್ಲಕ್ಕೂ ‘ಬೆಳ್’ ಬೇರು. ‘ಬೆಳೆ’ಯೂ ಅದೇ ಬೇರಿನದು. ಬೆಳಕಿದ್ದರೆ ಬೆಳೆ ಎಂಬುದು ಹಿರಿಯರಿಗೆ ಗೊತ್ತಿತ್ತು, ಪದದಲ್ಲೇ ಇಟ್ಟುಹೋದರು. ಆದ್ದರಿಂದ ಪಾರ್‌ಗೆ ‘ಬೆಳೆಬೆಳಕು’ ಎನ್ನಿ. ಇದನ್ನು ನಾನು ಇಲ್ಲಿ ಹಿಂದೆಯೂ ಬರೆದಿದ್ದೆ, ಯಾರೂ ಉತ್ತರಿಸಿರಲಿಲ್ಲ.

— ಕೃ.

ಮರು:

ಉತ್ತರಿಸದಿದ್ದುದು ಮರ್ಯಾದೆಗೆ. ಬಿಳುಪಿನ ‘ಬೆಳ್’ ತಮಿಳಿನಲ್ಲಿ ‘ವೆಳ್’. ಪೈರಿನ ‘ಬೆಳೆ’ ಅಲ್ಲಿ ‘ವಿಳೈ’. ಒಂದರಲ್ಲಿ ಎಕಾರ, ಇನ್ನೊಂದರಲ್ಲಿ ಇಕಾರ. ನಮ್ಮಲ್ಲಿ ಇಕಾರ ಎಕಾರವಾಗಿ ಎರಡೂ ಒಂದೇ ಬೇರಿನವು ಎಂಬಂತೆ ಕಾಣುತ್ತವೆ, ಅಷ್ಟೇ. ಬೇರೆ ಬೇರೆ ಮನೆಯ ಮಕ್ಕಳು ಒಂದೇ ಬಣ್ಣದ ಅಂಗಿ ತೊಟ್ಟಿವೆ.

ಸು. ಅವರೇ, ಸ್ಪೆಕ್ಟ್ರಮ್ಮಿಗೆ ‘ರೋಹಿತ’ ಇದೆ, ವಿಜ್ಞಾನ ಪಠ್ಯಗಳಲ್ಲಿ ನೆಲೆಯೂರಿದೆ. ಆದರೆ ನಿಮ್ಮ ಸಂದರ್ಭದಲ್ಲಿ ಅದಕ್ಕೊಂದು ತಮಾಷೆ ಇದೆ. ಸಂಸ್ಕೃತದಲ್ಲಿ ರೋಹಿತ ಎಂದರೆ ಕೆಂಪು, ಒಂದು ಜಾತಿಯ ಮೀನೂ ಹೌದು, ಕಾಮನಬಿಲ್ಲೂ ಹೌದು. ‘ನೀಲಿ ರೋಹಿತ’ ಅಂದರೆ ತಿಳಿದವರಿಗೆ ನೀಲಿ ಕೆಂಪು, ಮೀನು ಸಾಕುವವರಿಗೆ ನೀಲಿ ಮೀನು. ‘ಬಣ್ಣಪಟ್ಟಿ’ ಎನ್ನಿ.

— ರಾ.

ಮರು:

ಭಾಷೆಗಿಂತ ತೊಟ್ಟಿಯ ಜತೆ ಹೆಚ್ಚು ಹೊತ್ತು ಕಳೆಯುವವನು ನಾನು, ಇಲ್ಲಿ ಸಾಮಾನ್ಯವಾಗಿ ಸುಮ್ಮನೆ ಓದುತ್ತೇನೆ. ನಾವು ನಾವು ಮಾತಾಡುವಾಗ ಬರುವ ಪದಗಳನ್ನು ಹೇಳುತ್ತೇನೆ, ಬೇಕಾದ್ದು ಆರಿಸಿಕೊಳ್ಳಿ.

ಪಾರ್‌ಗೆ ಪಾರ್ ಅಂತಲೇ ಅನ್ನುತ್ತೇವೆ. ‘ಅಣಬೆ ಹವಳ ಐವತ್ತು ಪಾರ್‌ನಲ್ಲೂ ಸುಖವಾಗಿರುತ್ತೆ, ಅಕ್ರೊಪೊರಾಗೆ ಇನ್ನೂರು ಮುನ್ನೂರು ಬೇಕು’ — ಹೀಗೆ. ಇದರಲ್ಲಿ ಪಾರ್ ತೆಗೆದು ಉಣ್ಬೆಳಕು ಹಾಕಿ ಓದಿ ನೋಡಿ. ಅಳತೆಯ ಮಾತಿನಲ್ಲಿ ಪದ ಗಿಡ್ಡ ಇರಬೇಕು.

ಬ್ಲೀಚಿಂಗ್‌ಗೆ ‘ಬಿಳಿಚುವುದು’. ಹೆದರಿದವರ, ಕಾಯಿಲೆಯವರ ಮುಖ ಬಿಳಿಚಿಕೊಳ್ಳುತ್ತದಲ್ಲ, ಅದೇ. ಹವಳವೂ ಸತ್ತು ಬೆಳ್ಳಗಾದದ್ದಲ್ಲ. ಬಿಸಿಗೋ ಅತಿಯಾದ ಬೆಳಕಿಗೋ ತತ್ತರಿಸಿ ಒಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಂಡದ್ದು. ಪ್ರಾಣ ಇರುತ್ತದೆ, ಬೇಗ ಸರಿಪಡಿಸಿದರೆ ಚೇತರಿಸಿಕೊಳ್ಳಲೂಬಹುದು. ಬೆಳಕು ಕಡಿಮೆಯಾದರೆ ಇದರ ಉಲ್ಟಾ: ಪಾಚಿ ದಟ್ಟವಾಗಿ ಒಳ್ಳೆ ಬಣ್ಣ ಮುಚ್ಚಿಹೋಗುತ್ತದೆ. ಅದಕ್ಕೆ ನಾವು ‘ಕಂದಿತು’ ಅನ್ನುತ್ತೇವೆ. ಮುಖ ಕಂದುವುದೂ ಬಂತು, ಕಂದುಬಣ್ಣವೂ ಬಂತು. ಹೊಸ ದೀಪಕ್ಕೆ ಹವಳವನ್ನು ‘ಒಗ್ಗಿಸುತ್ತೇವೆ’: ಮೊದಲು ಅರ್ಧಕ್ಕಿಂತ ಕಡಿಮೆಯಲ್ಲಿ ಉರಿಸಿ, ಕೆಲವು ವಾರಗಳಲ್ಲಿ ಮೆಲ್ಲಗೆ ಏರಿಸುತ್ತಾ ಹೋಗುವುದು. ಬಿಳಿಚು, ಕಂದು, ಒಗ್ಗಿಸು — ಈ ಮೂರಕ್ಕೆ ನಿಘಂಟು ಬೇಕಾಗಲಿಲ್ಲ.

ಇನ್ನು ಅಗ್ಗದ ಮಾತು. ಮೂಲದಲ್ಲಿ ಇದೆಯೋ ಇಲ್ಲವೋ, ಒಂದು ಸಾಲು ಸೇರಿಸಿ: ಖರ್ಚು ಉಳಿಯುವುದು ದೀಪ ಆರಿಸುವಾಗ ಅಲ್ಲ, ಹವಳ ಆರಿಸುವಾಗ. ಅಣಬೆ ಹವಳ, ಜೊವಾಂಥಿಡ್, ತೊಗಲು ಹವಳ ಇಂಥವಾದರೆ 30 ಸೆಂಟಿಮೀಟರ್ ಆಳದ ತೊಟ್ಟಿಗೆ ಸಾದಾ ಎಲ್‌ಇಡಿ ಸಾಕು, ನೀಲಿಯನ್ನೂ ಬಿಳಿಯನ್ನೂ ಬೇರೆ ಬೇರೆ ಏರಿಳಿಸುವಂತಿದ್ದರೆ ಆಯಿತು. ವ್ಯಾಟ್ ಎಷ್ಟು ಎಂದು ಕೇಳುವುದು ಹಳೆಯ ಟ್ಯೂಬಿನ ಕಾಲದ ಅಭ್ಯಾಸ. ದಿನಕ್ಕೆ 8ರಿಂದ 10 ಗಂಟೆ ಉರಿಸಿದರೆ ಹೆಚ್ಚಾಯಿತು. ಪಾರ್ ಮೀಟರು ದೀಪಕ್ಕಿಂತ ದುಬಾರಿ, ಯಾರಲ್ಲಾದರೂ ಎರವಲು ಕೇಳಿ. ಫೋನಿನ ಲಕ್ಸ್ ಆ್ಯಪ್ ನೀಲಿ ಬೆಳಕಿನ ಮುಂದೆ ಸುಳ್ಳು ಹೇಳುತ್ತದೆ. ಅದೂ ಕಣ್ಣಿನ ಲೆಕ್ಕವೇ.

— ಗು.

ಮರು:

> ಪಾರ್ ಮೀಟರು ... ಯಾರಲ್ಲಾದರೂ ಎರವಲು ಕೇಳಿ.

ಮೀಟರು ಎರವಲು, ಪದವೂ ಎರವಲು. ಹೀಗೇ ಎರವಲು ತಂದು ತಂದು ನಾಳೆ ಕನ್ನಡದಲ್ಲಿ ವಿಭಕ್ತಿ ಮಾತ್ರ ಉಳಿಯುತ್ತದೆ. ಲೈಟನ್ನು, ಲೈಟಿನಿಂದ, ಲೈಟಿಗೆ. ಅದೇ ಕನ್ನಡ!

— ವೆಂ.

ಮರು:

ಹೌದು, ಅದೇ ಕನ್ನಡ. ವಿಭಕ್ತಿ ನಮ್ಮದಾಗಿದ್ದರೆ ಪದ ನಮ್ಮದಾಗಲು ತಡವಾಗುವುದಿಲ್ಲ.

ನಿಮ್ಮ ‘ಹವಳಗೊಳ’ವನ್ನೇ ತೂಗೋಣ. ಆದೇಶಸಂಧಿ ಚೆನ್ನಾಗಿದೆ, ಒಪ್ಪಿದೆ. ಹವಳ? ಪ್ರವಾಳ, ಪ್ರಾಕೃತದ ಪವಾಲ, ನಮ್ಮ ಪವಳ, ಆಮೇಲೆ ಪಾಲು ಹಾಲಾದ ಹಾಗೆ ಹವಳ. ಗಾಜು ‘ಕಾಚ’ದಿಂದ. ಅಗ್ಗ ‘ಅರ್ಘ’ದಿಂದ, ಮೂಲದಲ್ಲಿ ಬರೀ ಬೆಲೆ. ದೀಪವಂತೂ ತೊಳೆಯದೆ ತಂದ ತತ್ಸಮ. ತೊಟ್ಟಿಯಲ್ಲಿ ಅಪ್ಪಟ ನಮ್ಮದು ಅಂತ ಉಳಿದದ್ದು ನೀರು. ಅದನ್ನು ಸಂಸ್ಕೃತದವರೇ ನಮ್ಮ ಕಡೆಯಿಂದ ಒಯ್ದಿದ್ದಾರೆ.

ಅದಿರಲಿ. ಇನ್ನೊಂದು ತಕರಾರು, ಇದು ಸು. ಅವರಿಗೆ. ‘ಹವಳಕ್ಕೆ ಬೆಳಕು ಬೇಕು’ ಎಂದು ಎಲ್ಲಾದರೂ ಬರೆದಿದ್ದರೆ ತಿದ್ದಿ. ನಮ್ಮ ಭಾಷೆಯಲ್ಲಿ ಹವಳ ಎಂದರೆ ಮೊದಲಿಗೆ ಉಂಗುರದ ಕೆಂಪು ಹವಳ. ಮೆಡಿಟರೇನಿಯನ್ ಸಮುದ್ರದ ಮಬ್ಬುಗತ್ತಲಲ್ಲಿ, ಗುಹೆಯ ಗೋಡೆಗಳಲ್ಲಿ ಬೆಳೆಯುವ ಜೀವಿ ಅದು. ಅದರ ಮೈಯಲ್ಲಿ ಪಾಚಿಯೇ ಇಲ್ಲ. ನವರತ್ನದ ಹವಳಕ್ಕೆ ನಿಮ್ಮ ದೀಪ ಬೇಡವೇ ಬೇಡ.

— ರಾ.

ಮರು:

ರಾ. ಹೇಳಿದ್ದು ಸರಿ. ತೊಟ್ಟಿಯಲ್ಲೇ ಸಾಕುವ ಸೂರ್ಯಹವಳವೂ ಹಾಗೆಯೇ. ಹೆಸರಲ್ಲಿ ಸೂರ್ಯ, ಬೆಳಕು ಬೇಕಿಲ್ಲ, ಕೈಯಾರೆ ಉಣಿಸಬೇಕು.

— ಗು.

ಮರು:

ಸೊಡರಿಗೆ ಯಾರೂ ಉತ್ತರ ಕೊಡಲಿಲ್ಲ.

— ವೆಂ.

ಮರು:

ಎಣ್ಣೆ, ಬತ್ತಿ ಇದ್ದರೆ ಸೊಡರು. ಎಲ್‌ಇಡಿಗೆ ಯಾವುದನ್ನು ಹೊಸೆಯುತ್ತೀರಿ?

— ರಾ.

ಮರು:

ಎಲ್ಲರಿಗೂ ಕೃತಜ್ಞತೆ. ಕಳಿಸಿಬಿಟ್ಟೆ. ಬಿಳಿಚು, ಕಂದು, ಒಗ್ಗಿಸು ಮೂರನ್ನೂ ಹಾಗೇ ಎತ್ತಿಕೊಂಡೆ. ಸ್ಪೆಕ್ಟ್ರಮ್ ಬಣ್ಣಪಟ್ಟಿಯಾಯಿತು. ‘ಹವಳಕ್ಕೆ ಬೆಳಕು ಬೇಕು’ ಎಂದು ಮೊದಲ ಪುಟದಲ್ಲೇ ಇತ್ತು, ‘ಪಾಚಿಯೊಡನೆ ಬಾಳುವ ಹವಳಗಳಿಗೆ’ ಎಂದು ತಿದ್ದಿದೆ. ‘ಕೈಗೆಟುಕುವ’ ಎಂದು ಬರೆದರೆ ದೀಪ ಎಷ್ಟು ಎತ್ತರದಲ್ಲಿ ತೂಗಿದೆ ಎಂಬ ಅರ್ಥ ಬಂತು, ಅದೂ ಹೊತ್ತಗೆಯಲ್ಲಿ ಬೇರೆಯೇ ಅಧ್ಯಾಯ. ಹಾಗಾಗಿ ಹೆಸರು ‘ಹವಳದ ತೊಟ್ಟಿಗೆ ಕಡಿಮೆ ಖರ್ಚಿನ ದೀಪ’.

ಪಾರ್ ಪಾರ್ ಆಗಿಯೇ ಹೋಯಿತು. ಮೊದಲ ಸಲ ಬಂದಲ್ಲಿ ‘ಪಾಚಿಯ ಅಡುಗೆಗೆ ಒದಗುವ ಬೆಳಕಿನ ಅಳತೆ, ಕಣ್ಣಿಗೆ ಎಷ್ಟು ಪ್ರಕಾಶ ಕಂಡಿತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ’ ಎಂದು ಬಿಡಿಸಿ ಬರೆದೆ. ವೆಂ. ಕ್ಷಮಿಸಬೇಕು.

— ಸು.

ಮರು:

ಕ್ಷಮಿಸುವುದೇನಿದೆ. ಹಳಗನ್ನಡದಲ್ಲಿ ‘ಪಾರ್’ ಎಂದರೆ ನೋಡು, ಎದುರುನೋಡು. ನಿಮ್ಮ ‘ಹಾರೈಸು’ ಅದರ ಮೊಮ್ಮಗಳು. ಎರವಲು ಎಂದು ತಂದಿಟ್ಟದ್ದು ಅಚ್ಚಗನ್ನಡದ ಧಾತು, ನೀವು ಯಾರೂ ಗಮನಿಸಲಿಲ್ಲ. ನಾನು ಒಪ್ಪಿದ್ದೇನೆ.

— ವೆಂ.

ಮರು:

ಕಣ್ಣಿಗೆ ಕಂಡದ್ದು ಲೆಕ್ಕಕ್ಕಿಲ್ಲ ಎನ್ನುವ ಅಳತೆಗೆ ‘ನೋಡು’ ಎಂದು ಹೆಸರು. ಇದಕ್ಕಿಂತ ಲ್ಯೂಮೆನ್ನೇ ವಾಸಿಯಿತ್ತು.

— ರಾ.

ಮರು:

‘ವಾಸಿ’ ಎಲ್ಲಿಯದು?

— ವೆಂ.