ಹತ್ತು ಟ್ಯಾಬ್ಲೆಟ್, ಐವತ್ತು ಮಕ್ಕಳು: ಎಆರ್ ಪಾಠ ನಮ್ಮ ಶಾಲೆಗೆ ಒಗ್ಗುತ್ತದೆಯೇ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ

ನಮ್ಮ ಸರ್ಕಾರಿ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳು ಕೂಡಿ ಹತ್ತು ಟ್ಯಾಬ್ಲೆಟ್ ಕೊಡಿಸಲು ಮುಂದೆ ಬಂದಿದ್ದಾರೆ. ಯಾವ ಮಾದರಿ ಬೇಕೆಂಬುದನ್ನು ಶಾಲೆಯೇ ತಿಳಿಸಲಿ ಎನ್ನುವುದು ಅವರ ಅಪೇಕ್ಷೆ. ಅವರಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬರು, ಆಗ್ಮೆಂಟೆಡ್ ರಿಯಾಲಿಟಿ (ಎಆರ್, ಅಂದರೆ ಕ್ಯಾಮೆರಾ ಕಾಣುವ ನಿಜ ದೃಶ್ಯದ ಮೇಲೆ ಕಂಪ್ಯೂಟರಿನ ಆಕೃತಿಯನ್ನು ಕೂರಿಸಿ ಪರದೆಯಲ್ಲಿ ತೋರಿಸುವ ತಂತ್ರ) ಇದ್ದರೆ ಮಿಡಿಯುವ ಹೃದಯವನ್ನು ಮೇಜಿನ ಮೇಲೆಯೇ ನಿಲ್ಲಿಸಬಹುದು, ಮಕ್ಕಳು ಅದರ ಸುತ್ತ ನಡೆದಾಡಿ ನೋಡಬಹುದು ಎಂದು ಬಹಳ ಉತ್ಸಾಹದಿಂದ ಹೇಳುತ್ತಾರೆ. 10ನೇ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯಕ್ಕೆ ಇದು ನೆರವಾದೀತೆಂದು ನನಗೂ ಅನಿಸುತ್ತದೆ. ಆದರೆ ಐವತ್ತು ಮಕ್ಕಳ ತರಗತಿ, 40 ನಿಮಿಷದ ಅವಧಿ ಮತ್ತು ಯಾವಾಗ ಬರುತ್ತದೆಂದು ಹೇಳಲಾಗದ ಇಂಟರ್‌ನೆಟ್ ಇರುವಲ್ಲಿ ಇದನ್ನು ನಡೆಸುವ ಬಗೆ ಹೇಗೆ? ಕಡಿಮೆ ಬೆಲೆಯ ಟ್ಯಾಬ್ಲೆಟ್ ಸಾಕೇ? ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಗಣಿತ ಶಿಕ್ಷಕ, ಸುರಪುರ, ಯಾದಗಿರಿ ಜಿಲ್ಲೆ

ಮೇಡಂ ಅವರೇ, ಮೊದಲು ಮಾದರಿಯ ವಿಷಯ. ಆಂಡ್ರಾಯ್ಡ್‌ನಲ್ಲಿ ನೆಲವನ್ನೋ ಮೇಜನ್ನೋ ತಾನೇ ಗುರುತಿಸಿ ಅದರ ಮೇಲೆ ಆಕೃತಿಯನ್ನು ನಿಲ್ಲಿಸುವ ಬಹುಪಾಲು ಆ್ಯಪ್‌ಗಳು ಗೂಗಲ್‌ನ ಎಆರ್‌ಕೋರ್ ವ್ಯವಸ್ಥೆಯನ್ನು ಅವಲಂಬಿಸಿವೆ. ಗೂಗಲ್ ಪರೀಕ್ಷಿಸಿ ಒಪ್ಪಿದ ಸಾಧನಗಳಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ, ಆ ಸಾಧನಗಳ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ಅಗ್ಗದ ಅನೇಕ ಟ್ಯಾಬ್ಲೆಟ್‌ಗಳಲ್ಲಿ, ಸಾಧನ ಎಷ್ಟು ತಿರುಗಿತೆಂದು ಅಳೆಯುವ ಜೈರೋಸ್ಕೋಪ್ ಇರುವುದೇ ಇಲ್ಲ. ಕ್ಯಾಮೆರಾ ಇದೆ, ಎಲ್ಲವೂ ನಡೆಯುತ್ತದೆ ಎಂದು ಅಂಗಡಿಯವರು ಹೇಳುವ ಮಾತನ್ನು ಹಾಗೆಯೇ ಒಪ್ಪಬೇಡಿ. ಮುದ್ರಿತ ಹಾಳೆಯ ಚಿತ್ರವನ್ನು ಗುರುತು ಹಿಡಿದು ಅದರ ಮೇಲೆ ಆಕೃತಿಯನ್ನು ಮೂಡಿಸುವ ಇನ್ನೊಂದು ಬಗೆಯ ಆ್ಯಪ್‌ಗಳೂ ಇವೆ. ಅವುಗಳಲ್ಲಿ ಹಲವು ಸಾಧಾರಣ ಸಾಧನದಲ್ಲಿಯೂ ನಡೆಯುತ್ತವೆ.

ನಮ್ಮ ಕಡೆಯ ಶಾಲೆಗಳಿಗೆ ಸಂಬಂಧಿಸಿದ ಒಂದು ಸಣ್ಣ ಮಾತನ್ನು ಇಲ್ಲಿಯೇ ಸೇರಿಸುತ್ತೇನೆ. ಎಆರ್‌ಕೋರ್ ಕ್ಯಾಮೆರಾಕ್ಕೆ ಕಾಣುವ ಚುಕ್ಕೆ, ಅಂಚು, ಗೆರೆಗಳನ್ನು ಹಿಂಬಾಲಿಸಿ ನೆಲ ಎಲ್ಲಿದೆಯೆಂದು ಲೆಕ್ಕ ಹಾಕುತ್ತದೆ. ನುಣುಪು ಮಾಡಿದ ಶಹಾಬಾದಿ ಫರಸಿಯ ಮೇಲೆ ಕಿಟಕಿಯ ಬೆಳಕು ಬಿದ್ದು ಹೊಳೆಯುವಾಗ ಹಿಂಬಾಲಿಸಲು ಅದಕ್ಕೆ ಏನೂ ಸಿಗದೆ ಆಕೃತಿ ಜಾರತೊಡಗುತ್ತದೆ. ಹಳೆಯ ದಿನಪತ್ರಿಕೆಯನ್ನೋ ಚಿತ್ತಾರದ ಜಮಖಾನೆಯನ್ನೋ ಹಾಸಿದರೆ ಅದು ನಿಂತಲ್ಲೇ ನಿಲ್ಲುತ್ತದೆ.

ಯಾವ ಪಾಠಕ್ಕೆ ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ. ಸಿಲಿಂಡರಿನ ಮೇಲೆ ಶಂಕುವನ್ನು ಕೂರಿಸಿದ ಘನಾಕೃತಿಯ ಮೇಲ್ಮೈ ವಿಸ್ತೀರ್ಣವನ್ನು ಕೇಳಿದಾಗ, ಎರಡೂ ಕೂಡುವಲ್ಲಿ ಮರೆಯಾಗಿ ಹೋದ ವೃತ್ತವನ್ನೂ ಮಕ್ಕಳು ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಪುಸ್ತಕದ ಚಿತ್ರ ಚಪ್ಪಟೆಯಾಗಿರುವುದರಿಂದ ಈ ತಪ್ಪು ಸಹಜ. ಜಿಯೋಜೀಬ್ರಾದ 3ಡಿ ಕ್ಯಾಲ್ಕುಲೇಟರ್ ಆ್ಯಪ್‌ನಲ್ಲಿ ಆ ಆಕೃತಿಯನ್ನು ನೆಲದ ಮೇಲೆ ನಿಲ್ಲಿಸಿ, ಮಕ್ಕಳು ಅದರ ಸುತ್ತ ಸುತ್ತಿ, ಟ್ಯಾಬ್ಲೆಟ್ ಹಿಡಿದು ಅದರೊಳಕ್ಕೇ ಹೊಕ್ಕು ನೋಡಿದರೆ ಹೊರಗೆ ಕಾಣುವ ಮೈ ಯಾವುದು, ಕಾಣದ್ದು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಹೃದಯದ ಕೋಣೆಗಳಿಗೂ ಇದೇ ಮಾತು ಸಲ್ಲುತ್ತದೆ. ವಿದ್ಯುತ್ ಮಂಡಲಕ್ಕೆ ಮಾತ್ರ ಎಆರ್‌ನ ಅಗತ್ಯವಿಲ್ಲ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯ, ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು ಉಚಿತವಾಗಿ ಸಿಗುತ್ತವೆ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತವೆ, ಅಗ್ಗದ ಸಾಧನವೂ ಅವಕ್ಕೆ ಸಾಕು.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯ, ಸೇಡಂ

ಸುರಪುರದ ಗುರುಗಳ ಮಾತನ್ನು ಗೌರವಿಸುತ್ತಲೇ ನನ್ನ ಆಕ್ಷೇಪವನ್ನು ಹೇಳುತ್ತೇನೆ. ಎಆರ್ ನಡೆಯುವ ಹತ್ತು ಸಾಧನಗಳಿಗೆ ಹಣ ಸುರಿಯುವ ಬದಲು ಅಂಥದ್ದೊಂದನ್ನು ಕೊಂಡು ಪ್ರೊಜೆಕ್ಟರಿಗೆ ಜೋಡಿಸಿದರೆ ಐವತ್ತು ಮಕ್ಕಳೂ ಒಟ್ಟಿಗೆ ನೋಡುತ್ತಾರಲ್ಲವೇ? ಅಲ್ಲದೆ ನಮ್ಮ ಬೇಸಿಗೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣುವುದಿಲ್ಲ. ಐಪ್ಯಾಡ್‌ಗಳನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬಳಸಬೇಕೆಂದು ಆಪಲ್ ಕಂಪನಿಯೇ ಹೇಳುತ್ತದೆ, ಕಲಬುರಗಿಯ ಏಪ್ರಿಲ್ 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಆರ್ ನಡೆಯುವಾಗ ಕ್ಯಾಮೆರಾ, ಪ್ರೊಸೆಸರ್, ಪರದೆ ಮೂರೂ ಏಕಕಾಲಕ್ಕೆ ದುಡಿಯುವುದರಿಂದ ಸಾಧನ ತಾನಾಗಿಯೂ ಕಾಯುತ್ತದೆ. ತಗಡಿನ ಚಾವಣಿಯ ಕೋಣೆಯಲ್ಲಿ ಮಧ್ಯಾಹ್ನದ ಅವಧಿಗೆ ಇದನ್ನು ಇಟ್ಟುಕೊಳ್ಳಲೇಬಾರದು. ಬೇಸಿಗೆ ರಜೆಗೆ ಬೀರುವಿನಲ್ಲಿಡುವಾಗ ಬ್ಯಾಟರಿಯನ್ನು ಪೂರ್ತಿ ತುಂಬಿಸದೆ, ಪೂರ್ತಿ ಬರಿದು ಮಾಡದೆ, ಸುಮಾರು ಅರ್ಧಕ್ಕೆ ಇರಿಸಿ ಆಫ್ ಮಾಡಬೇಕು. ದಾಸ್ತಾನು ವಹಿಯಲ್ಲಿ ನಮೂದಿಸಿದ ವಸ್ತು ಕೆಟ್ಟರೆ ಉತ್ತರ ಕೊಡಬೇಕಾದವರು ಯಾರೆಂಬ ಹೆದರಿಕೆಯಿಂದಲೇ ಪೆಟ್ಟಿಗೆ ಒಡೆಯದೆ ಉಳಿದ ಸಲಕರಣೆಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ದುರಸ್ತಿಯ ಹೊಣೆ ಯಾರದೆಂಬುದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಮೊದಲೇ ಬರೆಸಿಕೊಳ್ಳಿ.

ಉತ್ತರ: ಸಮಾಜ ವಿಜ್ಞಾನ ಶಿಕ್ಷಕಿ, ಬೀದರ್

ಪ್ರೊಜೆಕ್ಟರಿನ ಸಲಹೆಗೆ ನನ್ನ ಒಪ್ಪಿಗೆ ಇಲ್ಲ, ಸರ್. ಗೋಡೆಯ ಮೇಲೆ ಬಿದ್ದ ಕೂಡಲೇ ಅದು ಮತ್ತೆ ಚಪ್ಪಟೆ ಚಿತ್ರವಾಗುತ್ತದೆ. ಮಗು ತಾನೇ ಹೆಜ್ಜೆ ಇಟ್ಟು ನೋಡುವ ಕೋನವನ್ನು ಆರಿಸಿಕೊಳ್ಳುವುದರಲ್ಲಿಯೇ ಎಆರ್‌ನ ಪ್ರಯೋಜನವಿದೆ. ಬರೀ ಚಪ್ಪಟೆ ಚಿತ್ರ ತೋರಿಸುವುದಷ್ಟೇ ಆದರೆ ಸರ್ಕಾರದ ಕಲಿಕಾ ಜಾಲತಾಣವಾದ ದೀಕ್ಷಾದ ವಿಡಿಯೊ ಸಾಕು, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮೊದಲೇ ಇಳಿಸಿಟ್ಟುಕೊಳ್ಳಬಹುದು.

ನಮ್ಮೂರಿನ ಮಹಮೂದ್ ಗವಾನ್ ಮದರಸಾ 1472ರಲ್ಲಿ ಕಟ್ಟಿದ್ದು. ಅದರ ಮುಂಭಾಗದಲ್ಲಿದ್ದ ಎರಡು ಮಿನಾರುಗಳಲ್ಲಿ ಒಂದು ಮಾತ್ರ ಇಂದು ಉಳಿದಿದೆ. ಬಿದ್ದುಹೋದ ಭಾಗವನ್ನು ತೋರಿಸುವ ಆ್ಯಪ್ ಇಲ್ಲದಿದ್ದರೂ ನಾವು ಪಾಠ ನಿಲ್ಲಿಸಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ರಟ್ಟಿನ ಚೌಕಟ್ಟಿಗೆ ಅಂಟಿಸಿ, ನಿಲ್ಲುವ ಜಾಗವನ್ನು ಗೊತ್ತುಮಾಡಿ, ಉಳಿದಿರುವ ಮಿನಾರನ್ನು ನೋಡಿ ಇಲ್ಲವಾದ ಮಿನಾರನ್ನು ಮಾರ್ಕರಿನಿಂದ ಮಕ್ಕಳೇ ಬರೆದರು. ಹಾಳೆಯ ಮೂಲಕ ನೋಡಿದಾಗ ಕಟ್ಟಡ ಪೂರ್ಣವಾಗಿ ಕಂಡಿತು. ಎತ್ತರ ಎಷ್ಟಿರಬೇಕು, ಹಂಚಿನ ಬಣ್ಣ ಯಾವುದಿತ್ತು ಎಂಬ ವಾದ ತರಗತಿಗೆ ಮರಳಿದ ಮೇಲೂ ನಡೆಯಿತು. ಇರುವುದರ ಮೇಲೆ ಇಲ್ಲದ್ದನ್ನು ಸರಿಯಾದ ಜಾಗದಲ್ಲಿ ಕೂರಿಸುವುದೇ ಎಆರ್‌ನ ತತ್ವವೆಂದು ಆಮೇಲೆ ಟ್ಯಾಬ್ಲೆಟ್ ಹಿಡಿದಾಗ ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಚಿತ್ತಾಪುರದ ಮೇಡಂ ಅವರಿಗೆ ನನ್ನ ಸಲಹೆ ಇಷ್ಟು: ಹೃದಯವನ್ನು ಹತ್ತು ನಿಮಿಷ ತೋರಿಸಿ, ಟ್ಯಾಬ್ಲೆಟ್‌ಗಳನ್ನು ಹಿಂದೆ ಪಡೆದು, ರಕ್ತ ಹರಿಯುವ ದಾರಿಯನ್ನು ನೆನಪಿನಿಂದ ಬರೆಯಿಸಿ. ಹೃತ್ಕರ್ಣ, ಹೃತ್ಕುಕ್ಷಿಗಳ ಹೆಸರನ್ನು ಮಕ್ಕಳೇ ಗುರುತಿಸಲಿ. ಬರೆದದ್ದು ತಪ್ಪೆನಿಸಿದವರಿಗೆ ಇನ್ನೊಮ್ಮೆ ನೋಡಲು ಬಿಡಿ. ಈ ಎರಡನೆಯ ನೋಟದಲ್ಲಿ ಅವರು ಹುಡುಕಿಕೊಂಡು ನೋಡುತ್ತಾರೆ, ಮೊದಲನೆಯದರಲ್ಲಿ ಬರೀ ಬೆರಗಾಗಿರುತ್ತಾರೆ.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಹತ್ತು ಸಾಧನಗಳ ಬದಲು ಎಆರ್‌ಕೋರ್ ಪಟ್ಟಿಯಲ್ಲಿರುವ ಐದನ್ನು ಮಾತ್ರ ಕೇಳಿ, ಉಳಿದ ಹಣವನ್ನು ಗಟ್ಟಿ ಕವರು, ಚಾರ್ಜಿಂಗ್ ವ್ಯವಸ್ಥೆ ಮತ್ತು ದುರಸ್ತಿಗೆ ಮೀಸಲಿಡುವಂತೆ ದಾನಿಗಳಿಗೆ ಬರೆಯುತ್ತೇನೆ. ಅರ್ಧ ತರಗತಿ ಐದೈದರ ಗುಂಪಾಗಿ ಟ್ಯಾಬ್ಲೆಟ್ ನೋಡುವಾಗ ಉಳಿದರ್ಧ ನಾಡಿಮಿಡಿತ ಎಣಿಸಿ ಪಟ್ಟಿ ಮಾಡಲಿ ಎಂದುಕೊಂಡಿದ್ದೇನೆ. ನನ್ನ ಕಣ್ಣು ತಪ್ಪಿದಾಗ ಮಕ್ಕಳು ಬೇರೆ ಆ್ಯಪ್‌ಗೆ ಹೋಗದಂತೆ ತಡೆಯಲು ದಾರಿ ಇದೆಯೇ?

ಉತ್ತರ: ಗಣಿತ ಶಿಕ್ಷಕ, ಸುರಪುರ

ಇದೆ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಭಾಗದೊಳಗೆ ಆ್ಯಪ್ ಪಿನ್ ಮಾಡುವ ಸೌಲಭ್ಯವಿದೆ. ಪಿನ್ ಮಾಡಿದ ಆ್ಯಪ್‌ನಿಂದ ಹೊರಬರಲು ಗುಪ್ತಸಂಖ್ಯೆ ಕೇಳುವಂತೆ ಮಾಡಬಹುದು. ಒಂದೇ ಆ್ಯಪ್ ಅನ್ನು ನೆಚ್ಚಿ ವರ್ಷದ ಪಾಠಗಳನ್ನೆಲ್ಲ ಹೆಣೆಯಬೇಡಿ. ಎಆರ್ ಪಾಠಗಳೂ ಇದ್ದ ಗೂಗಲ್‌ನ ಎಕ್ಸ್‌ಪೆಡಿಷನ್ಸ್ ಆ್ಯಪ್ 2021ರಲ್ಲಿ ನಿಂತುಹೋಯಿತು. ಹಣ ಕೊಡುವ ಮೊದಲು ಅಂಗಡಿಯಲ್ಲಿಯೇ ಟ್ಯಾಬ್ಲೆಟ್ ಆನ್ ಮಾಡಿಸಿ, ಪ್ಲೇ ಸ್ಟೋರಿನಲ್ಲಿ ‘ಗೂಗಲ್ ಪ್ಲೇ ಸರ್ವೀಸಸ್ ಫಾರ್ ಎಆರ್’ (ಎಆರ್‌ಕೋರ್‌ಗೆ ಅಲ್ಲಿರುವ ಹೆಸರು) ಎಂದು ಹುಡುಕಿಸಿ. ಈ ಸಾಧನಕ್ಕೆ ಹೊಂದುವುದಿಲ್ಲ ಎಂಬ ಸೂಚನೆ ಬಂದರೆ ಆ ಮಾದರಿಯನ್ನು ಅಲ್ಲಿಯೇ ಬಿಟ್ಟು ಬನ್ನಿ.