ಬಿ ಫಾರಂ ನನಗೆ, ಮಾತುಕತೆ ನನ್ನ ಗಂಡನೊಂದಿಗೆ: ಪುರಸಭೆಗೆ ಹೇಗೆ ನಿಲ್ಲಲಿ?

ಮಾಜಿ ಸೈಕ್ಲಿಸ್ಟ್:

ಊರಿನ ಹೆಸರು ಬರೆದರೆ ಸಂಜೆಯೊಳಗೆ ನಾನು ಯಾರೆಂದು ಎಲ್ಲರಿಗೂ ತಿಳಿದುಬಿಡುತ್ತದೆ. ಬಾಗಲಕೋಟೆ ಜಿಲ್ಲೆಯ, 23 ವಾರ್ಡುಗಳ ಒಂದು ಪುರಸಭೆ ಎಂದಷ್ಟೇ ಇಟ್ಟುಕೊಳ್ಳಿ. ವಿಜಯಪುರದ ಕ್ರೀಡಾ ನಿಲಯದಲ್ಲಿ ಸೈಕಲ್ ತುಳಿದು, ರಾಷ್ಟ್ರೀಯ ಕೂಟಗಳಲ್ಲಿ ಪದಕ ಗೆದ್ದು, ಕ್ರೀಡಾ ಕೋಟಾದಡಿ ರೈಲ್ವೆ ನೌಕರಿ ಹಿಡಿದವಳು ನಾನು. ಮೊಣಕಾಲು ಕೆಟ್ಟ ಮೇಲೆ ಹುಬ್ಬಳ್ಳಿಯ ಕಚೇರಿಯಲ್ಲಿ ಕಡತ ನೋಡಿಕೊಂಡಿದ್ದೆ. ಇಪ್ಪತ್ತು ವರ್ಷ ಸೇವೆ ತುಂಬಿದ ಮೇಲೆ ಸ್ವಯಂ ನಿವೃತ್ತಿ ಪಡೆದು ಗಂಡನ ಊರಿಗೆ ಬಂದೆ.

ನಮ್ಮ ವಾರ್ಡು ಈ ಸಲ ಮಹಿಳೆಗೆ ಮೀಸಲಾಗುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಒಂದು ಪಕ್ಷದ ಐದಾರು ಮಂದಿ ಮನೆಗೆ ಬಂದರು. ಚಹಾ ಕೊಟ್ಟೆ. ಮಾತೆಲ್ಲ ನನ್ನ ಗಂಡನೊಂದಿಗೇ. "ಮೇಡಂ ಹೆಸರು ಇದೆ, ಓಡಾಟ ನೀವು ನೋಡಿಕೊಂಡರಾಯಿತು" ಎಂದರು. ಒಬ್ಬ ಮೊಬೈಲ್ ತೆಗೆದು ಫ್ಲೆಕ್ಸಿನ ಮಾದರಿ ತೋರಿಸಿದ. ಮೇಲ್ಗಡೆ ಸಾಲಾಗಿ ನಾಯಕರ ತಲೆಗಳು, ನಡುವೆ ಕೈಮುಗಿದು ನಿಂತ ನನ್ನ ಗಂಡ, ಬಲ ಮೂಲೆಯಲ್ಲಿ ಹೆಲ್ಮೆಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ಸೈಕಲ್ ಮೇಲೆ ಬಾಗಿರುವ ನಾನು. ಆ ಫೋಟೊದಲ್ಲಿ ನನ್ನನ್ನು ಹೆತ್ತ ತಾಯಿಯೂ ಗುರುತಿಸಲಾರಳು. ಕೆಳಗೆ "ಇವರ ಧರ್ಮಪತ್ನಿ" ಎಂದು ಶುರುವಾಗಿ ಕೊನೆಯಲ್ಲಿ ನನ್ನ ಹೆಸರು.

ನನ್ನ ಗಂಡ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ಮನುಷ್ಯ. ಅವರು ಹೋದ ಮೇಲೆ ಬಿದ್ದುಬಿದ್ದು ನಕ್ಕು, "ನಿಲ್ಲುವುದಾದರೆ ನೀನೇ ನಿಲ್ಲು, ನನಗೆ ಅಂಗಡಿ ಬಿಟ್ಟು ಏಳಲಾಗದು" ಎಂದರು. ನನಗೂ ನಿಲ್ಲುವ ಮನಸ್ಸಿದೆ. ನಮ್ಮ ಓಣಿಗೆ ನೀರು ಯಾವ ರಾತ್ರಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ವಾಲ್ವ್ ತಿರುಗಿಸುವವನೊಬ್ಬನಿಗೇ ಗೊತ್ತು. ಗಟಾರದ ಕೆಸರನ್ನು ಎತ್ತಿ ರಸ್ತೆಯ ಬದಿಗೇ ಹಾಕುತ್ತಾರೆ, ಅದು ಒಣಗುವ ಮುಂಚೆಯೇ ತಿರುಗಿ ಗಟಾರಕ್ಕೆ ಇಳಿಯುತ್ತದೆ. ಇಂಥದ್ದನ್ನು ಸಭೆಯಲ್ಲಿ ಕೇಳಬೇಕೆಂದಿದ್ದೇನೆ. ಪಕ್ಷದ ಟಿಕೆಟ್ ಹಿಡಿಯಲೇ, ಪಕ್ಷೇತರಳಾಗಿ ನಿಲ್ಲಲೇ? ಗೆದ್ದರೂ ಒಳಗೆ ನನಗೆ ಮಾತನಾಡಲು ಬಿಡುತ್ತಾರೆಯೇ?

ಮಾಜಿ ಸದಸ್ಯೆ, ವಿಜಯಪುರ ಜಿಲ್ಲೆ:

ತಂಗಿ, ನಾನು ಪಕ್ಷೇತರಳಾಗಿ ಗೆದ್ದು ಒಂದು ಅವಧಿ ಒಳಗೆ ಕುಳಿತು ಬಂದವಳು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಪುರಸಭೆಗೆ ಇದೆ. ಪಕ್ಷದ ಅಧಿಕೃತ ಅಭ್ಯರ್ಥಿ ಎಂದು ತೋರಿಸುವ ಬಿ ಫಾರಂ ಇದ್ದವರಿಗೆ ಪಕ್ಷದ ಕಟ್ಟಾ ಮತಗಳು ಕೇಳದೆಯೇ ಬೀಳುತ್ತವೆ. ಪಕ್ಷೇತರರಿಗೆ ಚಿಹ್ನೆ ಸಿಗುವುದೇ ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಮುಗಿದ ಮೇಲೆ. ಉಳಿದ ಕೆಲವೇ ದಿನಗಳಲ್ಲಿ ಅದನ್ನು ವಯಸ್ಸಾದವರ ಕಣ್ಣಿಗೂ ಕೂರುವಂತೆ ಮನೆಮನೆಗೆ ಮುಟ್ಟಿಸಬೇಕು.

ಗೆದ್ದ ಮೇಲೆ ಲೆಕ್ಕ ತಿರುಗುತ್ತದೆ. ನಿಮ್ಮ 23 ಸದಸ್ಯರ ಜೊತೆ ಶಾಸಕರ, ಸಂಸದರ ಮತ ಸೇರಿದರೆ 25. 13 ಕೂಡಿಸಿದವರಿಗೆ ಅಧ್ಯಕ್ಷ ಗಾದಿ. ಒಂದೆರಡು ಮತ ಕಡಿಮೆ ಬಿದ್ದಾಗ ಪಕ್ಷೇತರರ ಮನೆ ಮುಂದೆ ಕಾರುಗಳು ನಿಲ್ಲುತ್ತವೆ. ಆಗ ನಿಮ್ಮ ಓಣಿಯ ನೀರಿನ ಮಾತು ಎತ್ತಿ, ಬೇರೆ ಏನನ್ನೂ ಮುಟ್ಟಬೇಡಿ. ಪಕ್ಷದಿಂದ ಗೆದ್ದರೆ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ, ಇರುತ್ತದೆ. ಅದನ್ನು ಮೀರಿ ಮತ ಹಾಕಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವಕ್ಕೇ ಸಂಚಕಾರ.

ಮಾತನಾಡಲು ಯಾರೂ ಬಿಡುವುದಿಲ್ಲ, ನಾವೇ ಮಾತನಾಡಬೇಕು. ಸಭೆಯ ನೋಟಿಸು ನಿಮ್ಮ ಹೆಸರಿಗೆ ಬರುತ್ತದೆ, ಸಿಬ್ಬಂದಿ ತಂದುಕೊಡುವುದು ನಿಮ್ಮ ಗಂಡನ ಅಂಗಡಿಗೆ. ಮೊದಲ ಸಲವೇ ಅದನ್ನು ನಿಲ್ಲಿಸಿ. ಇನ್ನು ಸಭೆಯ ತೀರ್ಮಾನ ಬರೆದಿಡುವ ನಡಾವಳಿ ಪುಸ್ತಕ. ನಮ್ಮಲ್ಲಿ ಸಭೆ ಮುಗಿದು ವಾರವಾದ ಮೇಲೆ ಅದು ಮನೆಗೆ ಬರುತ್ತಿತ್ತು, ಸಹಿಯ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿರುತ್ತಿದ್ದರು. ಒಮ್ಮೆ ಹಿಂದಿನ ಹಾಳೆ ತಿರುವಿದರೆ ಸಭೆಯಲ್ಲಿ ಬಾರದೇ ಇದ್ದ ಕಾಮಗಾರಿಯೊಂದು "ಸರ್ವಾನುಮತದಿಂದ" ಒಪ್ಪಿಗೆಯಾಗಿ ಕುಳಿತಿತ್ತು. ಓದದೆ ಸಹಿ ಹಾಕಬೇಡಿ.

ಸವದತ್ತಿ ಮೇಷ್ಟ್ರು:

ಮೇಡಂ, ಪದಕ ನಂಬಿ ಕಣಕ್ಕಿಳಿಯಬೇಡಿ. ಓಟಗಾರ್ತಿ ಜ್ಯೋತಿರ್ಮಯಿ ಸಿಕ್ದರ್ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ 800 ಮತ್ತು 1500 ಮೀಟರ್ ಎರಡರಲ್ಲೂ ಚಿನ್ನ ಗೆದ್ದವರು. 2004ರಲ್ಲಿ ಪಶ್ಚಿಮ ಬಂಗಾಳದ ಕೃಷ್ಣನಗರದ ಜನ ಲೋಕಸಭೆಗೆ ಕಳಿಸಿದರು, 2009ರಲ್ಲಿ ಅದೇ ಜನ ಸೋಲಿಸಿದರು. ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಕುಸ್ತಿಪಟು ಯೋಗೇಶ್ವರ್ ದತ್ ಹರಿಯಾಣದ ಬರೋಡಾದಲ್ಲಿ 2019ರಲ್ಲೂ ಸೋತರು, 2020ರ ಉಪಚುನಾವಣೆಯಲ್ಲೂ ಸೋತರು. ಫುಟ್‌ಬಾಲ್‌ನ ಭೈಚುಂಗ್ ಭುಟಿಯಾ ಅವರದಂತೂ ಹೇಳುವುದೇ ಬೇಡ, ಪಕ್ಷ ಕಟ್ಟಿಯೂ ನೋಡಿದರು. ಆಟಗಾರರಿಗೆ ಸೇರುವ ಜನ ಸೆಲ್ಫಿಗೆ ಸೇರಿದವರು.

ಜಮಖಂಡಿ ಪೈಲ್ವಾನ:

ಮೇಷ್ಟ್ರೇ, ಸೋತವರನ್ನಷ್ಟೇ ಎಣಿಸಿದ್ದೀರಿ. ಕುಸ್ತಿಯ ವಿನೇಶ್ ಫೋಗಟ್ 2024ರಲ್ಲಿ ಹರಿಯಾಣದ ಜುಲಾನಾದಲ್ಲಿ ಗೆದ್ದರಲ್ಲ? ಅದೂ ಗಂಡನ ಮನೆಯ ಕಡೆಯ ಕ್ಷೇತ್ರ, ಅಕ್ಕನವರ ಹಾಗೆಯೇ. ಆದರೆ ನನ್ನ ಅನುಭವ ನಿಮ್ಮ ಪರವಾಗಿಯೇ ಇದೆ ಎನ್ನಿ. ಗ್ರಾಮ ಪಂಚಾಯಿತಿಗೆ ನಿಂತಾಗ ಗರಡಿಯ ಹುಡುಗರೆಲ್ಲ ಗದೆ ಹೊತ್ತು ಮೆರವಣಿಗೆ ಮಾಡಿದರು, ಹಲಗೆ ಬಾರಿಸಿದರು, ಭಂಡಾರ ಹಾರಿಸಿದರು. ಆ ಹುಡುಗರಲ್ಲಿ ಅರ್ಧ ಮಂದಿಗೆ ಹದಿನೆಂಟು ತುಂಬಿರಲಿಲ್ಲ, ಉಳಿದವರ ಮತ ಬೇರೆ ಊರಿನಲ್ಲಿತ್ತು! ಗೆದ್ದವನು ಯಾರ ಮನೆಯಲ್ಲಿ ಸಾವಾದರೂ ಕಟ್ಟಿಗೆ ಹೊಂದಿಸಿಕೊಡುವವನು, ಜಮೀನಿನ ಉತಾರ ತೆಗೆಸಿಕೊಡಲು ಕಚೇರಿಗೆ ಅಲೆಯುವವನು. ನಾನೂ ಅವನಿಗೇ ಹಾಕುತ್ತಿದ್ದೆನೇನೋ, ಎದುರು ನಾನೇ ನಿಲ್ಲದಿದ್ದರೆ. ಅಕ್ಕ, ಚುನಾವಣೆ ಘೋಷಣೆಯಾಗುವ ಮುಂಚೆಯೇ ಮನೆಮನೆ ತಿರುಗಲು ಶುರುಮಾಡಿ. ಸೈಕಲ್ ಮೇಲೆ ಬೇಡ, ನಡೆದುಕೊಂಡೇ ಹೋಗಿ. ಜನ ನಿಲ್ಲಿಸಿ ಮಾತನಾಡಿಸುತ್ತಾರೆ.

ಮಾಜಿ ಸದಸ್ಯೆ, ವಿಜಯಪುರ ಜಿಲ್ಲೆ:

ಪೈಲ್ವಾನರು ಮತ ಬೇರೆ ಊರಿನಲ್ಲಿತ್ತು ಎಂದಿದ್ದು ನೋಡಿ ಕೇಳುತ್ತಿದ್ದೇನೆ. ತಂಗಿ, ನೀವು ಇಷ್ಟು ವರ್ಷ ಹುಬ್ಬಳ್ಳಿಯಲ್ಲಿದ್ದಿರಿ. ನಿಮ್ಮ ಹೆಸರು ಈ ಊರಿನ ಮತದಾರರ ಪಟ್ಟಿಯಲ್ಲಿದೆಯೇ? ಇಲ್ಲದಿದ್ದರೆ ಪಕ್ಷವೂ ಇಲ್ಲ, ಪಕ್ಷೇತರವೂ ಇಲ್ಲ, ನಾಮಪತ್ರ ಪರಿಶೀಲನೆಯಲ್ಲೇ ತಿರಸ್ಕೃತವಾಗುತ್ತದೆ. ವಾರ್ಡಿನ ಪಟ್ಟಿಯನ್ನು ವಿಧಾನಸಭೆಯ ಪಟ್ಟಿಯಿಂದಲೇ ಮಾಡುತ್ತಾರೆ. ವಿಳಾಸ ಬದಲಾವಣೆಗೆ ನಮೂನೆ 8 ಭರ್ತಿ ಮಾಡಿ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಕೈಗೆ ಕೊಡಿ, ಮೊಬೈಲಿನಲ್ಲೂ ಸಲ್ಲಿಸಬಹುದು.

ಮಾಜಿ ಸೈಕ್ಲಿಸ್ಟ್:

ಪಟ್ಟಿ ತರಿಸಿ ನೋಡಿದೆ ಅಕ್ಕ. ಗಂಡ ಇದ್ದಾರೆ, ಅತ್ತೆ ಇದ್ದಾರೆ, ಪುಣೆಯಲ್ಲಿ ಮನೆ ಕಟ್ಟಿಕೊಂಡಿರುವ ಮೈದುನನೂ ಇದ್ದಾನೆ. ನಾನಿಲ್ಲ. ನಮೂನೆ 8 ಈಗಷ್ಟೇ ಸಲ್ಲಿಸಿದೆ. ಫ್ಲೆಕ್ಸಿನ ಅಳತೆಯವರೆಗೂ ಮಾತನಾಡಿ ಹೋದ ಆ ಐದಾರು ಮಂದಿಯಲ್ಲಿ ಒಬ್ಬರಾದರೂ ಇದನ್ನು ಕೇಳಲಿಲ್ಲವಲ್ಲ! ಅವರು ಮತ್ತೆ ಬಂದರೆ ಫೋಟೊ ನನ್ನದು, ಇವತ್ತಿನದು, ನಡುವೆಯೇ ಇರಬೇಕು ಎನ್ನುತ್ತೇನೆ. ಒಪ್ಪದಿದ್ದರೆ ಪಕ್ಷೇತರ. ಪಕ್ಷೇತರರ ಚಿಹ್ನೆಗಳ ಪಟ್ಟಿ ಎಲ್ಲಿ ಸಿಗುತ್ತದೆ, ಅಕ್ಕ?