ಪದಚರ್ಚೆ: ‘ಸ್ಟೇಷನ್ ಕೀಪಿಂಗ್’ಗೆ ‘ನಿಲ್ದಾಣ ನಿರ್ವಹಣೆ’ ಸರಿಯೇ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ತರುತ್ತಿರುವ ಬಾಹ್ಯಾಕಾಶ ವಿಶೇಷಾಂಕಕ್ಕೆ ವಿಜ್ಞಾನಿಗಳೂ ಹವ್ಯಾಸಿಗಳೂ ಅತಿಥಿ ಲೇಖನ ಕೊಟ್ಟಿದ್ದಾರೆ. ಭೂಸ್ಥಿರ ಉಪಗ್ರಹವನ್ನು ಅದರ ಜಾಗದಲ್ಲೇ ಉಳಿಸಿಕೊಳ್ಳುವ ಕೆಲಸಕ್ಕೆ ಒಬ್ಬರು ‘ಸ್ಟೇಷನ್ ಕೀಪಿಂಗ್’ ಎಂದೇ ಬಿಟ್ಟಿದ್ದಾರೆ, ಇನ್ನೊಬ್ಬರು ‘ನಿಲ್ದಾಣ ನಿರ್ವಹಣೆ’ ಅಂದಿದ್ದಾರೆ, ಮತ್ತೊಬ್ಬರದು ‘ಸ್ಥಾನ ನಿಯಂತ್ರಣ’. ಯಾವುದನ್ನು ಉಳಿಸಲಿ? ಜೊತೆಗೆ ಒಂದು ಸಂದೇಹ. ‘ಭೂಸ್ಥಿರ’ ಅಂದಮೇಲೆ ಅದನ್ನು ಸ್ಥಿರವಾಗಿ ಇಡುವ ಕೆಲಸ ಎಲ್ಲಿಂದ ಬಂತು ಎಂದು ಓದುವ ಮಕ್ಕಳು ಕೇಳಿದರೆ ಏನು ಹೇಳುವುದು? ಹಾಸನದ ಕಡೆಯವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

*

ಮೇಡಂ, ನಮಸ್ಕಾರ. ‘ನಿಲ್ದಾಣ ನಿರ್ವಹಣೆ’ಯನ್ನು ದಯವಿಟ್ಟು ತೆಗೆದುಬಿಡಿ. ನಿಲ್ದಾಣ ಅಂದೊಡನೆ ಬಸ್ಸೋ ರೈಲೋ ಬಂದು ನಿಲ್ಲುವ ಜಾಗ ಕಣ್ಣಿಗೆ ಬರುತ್ತದೆ. ಬಾಹ್ಯಾಕಾಶದ ಲೇಖನವಾದ್ದರಿಂದ ಗಗನಯಾತ್ರಿಗಳು ವಾಸಿಸುವ ನಿಲ್ದಾಣ ಅಂತಲೂ ಓದಿಕೊಳ್ಳಬಹುದು. ಇಲ್ಲಿ ಸ್ಟೇಷನ್ ಅಂದರೆ ಅದೆರಡೂ ಅಲ್ಲ, ಉಪಗ್ರಹಕ್ಕೆ ಗೊತ್ತುಮಾಡಿದ ರೇಖಾಂಶ, ಅಷ್ಟೇ.

ನನ್ನ ಆಯ್ಕೆ ‘ಸ್ಥಾನಪಾಲನೆ’. ‘ಸಮಯಪಾಲನೆ’ ಎಲ್ಲರ ಬಾಯಲ್ಲೂ ಇದೆ. ಇದೂ ಅದೇ ಅಚ್ಚಿನದು, ಮೊದಲ ಸಲ ಓದಿದವರಿಗೂ ತಿಳಿಯುತ್ತದೆ. ‘ಸ್ಥಾನ ನಿಯಂತ್ರಣ’ ತಪ್ಪಲ್ಲ, ಆದರೆ ತಪ್ಪದೆ ನಡೆಸಿಕೊಂಡು ಹೋಗಬೇಕಾದ ಕೆಲಸ ಎಂಬ ಅರ್ಥ ‘ಪಾಲನೆ’ಯಲ್ಲಿ ಬರುವಷ್ಟು ಅದರಲ್ಲಿ ಬರುವುದಿಲ್ಲ. ಹಾಸನದ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರದಲ್ಲಿ 1982ರಿಂದ ನಡೆಯುತ್ತಿರುವ ಮುಖ್ಯ ಕೆಲಸಗಳಲ್ಲಿ ಇದೂ ಒಂದು. ಅಲ್ಲಿಂದ ರಾಕೆಟ್ ಹಾರುವುದಿಲ್ಲ, ಹಾರಿಸುವುದು ಶ್ರೀಹರಿಕೋಟದಲ್ಲಿ. ಯಾವುದಾದರೂ ಲೇಖನದಲ್ಲಿ ‘ಹಾಸನದ ಉಡಾವಣಾ ಕೇಂದ್ರ’ ಎಂದಿದ್ದರೆ ತಿದ್ದಿಬಿಡಿ.

ಮಕ್ಕಳ ಪ್ರಶ್ನೆ ನ್ಯಾಯವಾದದ್ದೇ. ‘ಭೂಸ್ಥಿರ’ ಪದ ಅರ್ಧ ಮಾತ್ರ ಹೇಳುತ್ತದೆ. ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಉಪಗ್ರಹ ಸೆಕೆಂಡಿಗೆ ಸುಮಾರು 3.07 ಕಿ.ಮೀ. ವೇಗದಲ್ಲಿ ಓಡುತ್ತಲೇ ಇರುತ್ತದೆ. ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು. ಭೂಮಿ ತನ್ನ ಸುತ್ತ ಒಮ್ಮೆ ತಿರುಗಲು ಹಿಡಿಯುವುದೂ ಅಷ್ಟೇ ಹೊತ್ತು, ಹಾಗಾಗಿ ಕೆಳಗಿನಿಂದ ನೋಡುವವರಿಗೆ ನಿಂತಂತೆ ತೋರುತ್ತದೆ. ‘24 ಗಂಟೆ’ ಎಂದು ದುಂಡು ಮಾಡಿ ಬರೆದವರಿದ್ದರೆ ಅದನ್ನೂ ಸರಿಪಡಿಸಿ. ಆ ನಾಲ್ಕು ನಿಮಿಷದ ವ್ಯತ್ಯಾಸ ಹಾಗೇ ಬಿಟ್ಟರೆ ಉಪಗ್ರಹ ದಿನಕ್ಕೆ ಹತ್ತಿರಹತ್ತಿರ ಒಂದು ಡಿಗ್ರಿ ಪಶ್ಚಿಮಕ್ಕೆ ಸರಿಯುತ್ತದೆ.

ಇಷ್ಟೆಲ್ಲ ಕರಾರುವಾಕ್ಕಾಗಿ ಕೂರಿಸಿದರೂ ಅದು ಅಲ್ಲೇ ಇರುವುದಿಲ್ಲ. ಕಾರಣ ಎರಡು, ಎರಡಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕು.

ಸೂರ್ಯ ಚಂದ್ರರ ಸೆಳೆತ ಕಕ್ಷೆಯನ್ನು ಓರೆ ಮಾಡುತ್ತದೆ, ವರ್ಷಕ್ಕೆ ಸುಮಾರು 0.75ರಿಂದ 0.95 ಡಿಗ್ರಿ. ಕಕ್ಷೆ ಒಂದು ಡಿಗ್ರಿ ಓರೆಯಾದರೆ ಉಪಗ್ರಹ ದಿನವೂ ಒಂದು ಡಿಗ್ರಿ ಉತ್ತರಕ್ಕೆ, ಒಂದು ಡಿಗ್ರಿ ದಕ್ಷಿಣಕ್ಕೆ ಹೋಗಿಬರುತ್ತದೆ. ಆ ಎತ್ತರದಲ್ಲಿ ಒಂದು ಡಿಗ್ರಿ ಅಂದರೆ 736 ಕಿ.ಮೀ.! ಇದನ್ನು ತಡೆಯಲು ವರ್ಷಕ್ಕೆ ಒಟ್ಟು ಸೆಕೆಂಡಿಗೆ 50 ಮೀಟರಿನಷ್ಟು ವೇಗ ಬದಲಾವಣೆ ಬೇಕು. ರಾಸಾಯನಿಕ ಎಂಜಿನ್ನಿನ ಲೆಕ್ಕದಲ್ಲಿ 2,000 ಕೆ.ಜಿ. ತೂಕದ ಉಪಗ್ರಹಕ್ಕೆ ವರ್ಷಕ್ಕೆ 35 ಕೆ.ಜಿ. ಆಸುಪಾಸು ನೋದಕ. ಎಷ್ಟೋ ಉಪಗ್ರಹಗಳ ಆಯಸ್ಸು ಮುಗಿಯುವುದು ಯಂತ್ರ ಕೆಟ್ಟು ಅಲ್ಲ, ಈ ನೋದಕ ತೀರಿ. ಬರೀ ‘ಇಂಧನ’ ಎಂದು ಬರೆಯಬೇಡಿ. ಇಂಧನ, ಅದನ್ನು ಉರಿಸುವ ಆಕ್ಸಿಡೈಸರ್ ಎರಡೂ ಸೇರಿದರೆ ನೋದಕ.

ಇನ್ನೊಂದು ಕಾರಣ ನಮ್ಮ ಕಾಲಡಿಯದೇ. ಸಮಭಾಜಕ ಸರಿಯಾದ ವೃತ್ತವಲ್ಲ, ಭೂಮಿಯ ರಾಶಿ ಅಲ್ಲಲ್ಲಿ ಹೆಚ್ಚುಕಡಿಮೆ. ಅದರಿಂದ ಭೂಸ್ಥಿರ ಉಪಗ್ರಹಗಳು ಪೂರ್ವ ರೇಖಾಂಶ 75 ಡಿಗ್ರಿ ಅಥವಾ ಪಶ್ಚಿಮ ರೇಖಾಂಶ 105 ಡಿಗ್ರಿಯ ಕಡೆಗೆ ಜರುಗುತ್ತವೆ. ಹಾಸನದ ರೇಖಾಂಶ 76.1, ಚಿಕ್ಕಮಗಳೂರಿನದು 75.8. ನಿಮ್ಮ ಮಕ್ಕಳಿಗೆ ಇದನ್ನು ಹೇಳಲೇಬೇಕು: ಸುತ್ತಲಿನ ಉಪಗ್ರಹಗಳೆಲ್ಲ ಜಾರಿ ಬರಲು ನೋಡುವ ಆ ತಗ್ಗು ಹೆಚ್ಚುಕಡಿಮೆ ನಮ್ಮ ನೇರಕ್ಕೇ ಇದೆ.

ಅನುವಾದಕರು ಎಡವುವುದು ಇದನ್ನು ಸರಿಪಡಿಸುವ ಮಾತು ಬಂದಾಗ. ಪೂರ್ವ 93.5 ಡಿಗ್ರಿಯ ಉಪಗ್ರಹ ಪಶ್ಚಿಮಕ್ಕೆ ಜರುಗಿತು ಅನ್ನಿ. ಅದನ್ನು ‘ಪೂರ್ವಕ್ಕೆ ತಳ್ಳುತ್ತಾರೆ’ ಎಂದು ಬರೆದರೆ ತಿರುವುಮುರುವಾಯಿತು. ಉಪಗ್ರಹ ಓಡುತ್ತಿರುವುದೇ ಪೂರ್ವಕ್ಕೆ. ಇನ್ನಷ್ಟು ತಳ್ಳಿದರೆ ಕಕ್ಷೆ ಮೇಲೇರುತ್ತದೆ, ಸುತ್ತು ದೊಡ್ಡದಾಗಿ ಭೂಮಿಗಿಂತ ಹಿಂದೆ ಬೀಳುತ್ತದೆ, ಪಶ್ಚಿಮಕ್ಕೆ ಮತ್ತೂ ಜರುಗುತ್ತದೆ. ಆದ್ದರಿಂದ ಮಾಡಬೇಕಾದದ್ದು ವೇಗ ತಗ್ಗಿಸುವುದು. ಸೆಕೆಂಡಿಗೆ ಬರೀ 10 ಸೆಂ.ಮೀ. ತಗ್ಗಿಸಿದರೆ ಕಕ್ಷೆ 2.7 ಕಿ.ಮೀ. ಇಳಿದು, ಉಪಗ್ರಹ ದಿನಕ್ಕೆ 0.035 ಡಿಗ್ರಿ, ಅಂದರೆ 26 ಕಿ.ಮೀ.ನಂತೆ ಪೂರ್ವಕ್ಕೆ ಬರುತ್ತದೆ. ‘ಪೂರ್ವಕ್ಕೆ ತರಲು ವೇಗ ತಗ್ಗಿಸುತ್ತಾರೆ’ ಎಂದು ಬರೆಯಿರಿ. ಓದಲು ವಿಚಿತ್ರವಾದರೂ ಅದೇ ಸರಿ.

ಎಷ್ಟು ಜರುಗಿದರೆ ಸರಿಪಡಿಸಬೇಕು? ಸಾಮಾನ್ಯವಾಗಿ ಗೊತ್ತಾದ ರೇಖಾಂಶದ ಆಚೀಚೆ 0.1 ಡಿಗ್ರಿ, ಅಂದರೆ ಎರಡೂ ಕಡೆಗೆ 74 ಕಿ.ಮೀ. ಈ ಮಿತಿಗೆ ಇಂಗ್ಲಿಷಿನಲ್ಲಿ ‘ಬಾಕ್ಸ್’ ಅನ್ನುತ್ತಾರೆ. ಅದನ್ನು ‘ಪೆಟ್ಟಿಗೆ’ ಎಂದು ಅನುವಾದಿಸುವುದು ಬೇಡ, ‘ಸರಹದ್ದು’ ಚೆನ್ನಾಗಿ ಒಪ್ಪುತ್ತದೆ. ಜಮೀನಿನ ಸರಹದ್ದಿನ ಹಾಗೆಯೇ, ಪಕ್ಕದಲ್ಲಿ ಇನ್ನೊಬ್ಬರ ಉಪಗ್ರಹ ಇರುತ್ತದೆ.

ಸ್ಥಾನಪಾಲನೆ ತಪ್ಪಿದರೆ ಮನೆಯ ಮೇಲಿನ ಡಿಶ್‌ಗೆ ಏನಾಗುತ್ತದೆ ಎಂದು ಲೇಖನದಲ್ಲಿ ಒಂದು ಮಾತು ಸೇರಿಸಬಹುದು. ದೂರದರ್ಶನದ ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು 93.5 ಡಿಗ್ರಿಯಲ್ಲೇ. ನಮ್ಮೆರಡು ಊರುಗಳಿಂದಲೂ ಅದು ಆಗ್ನೇಯಕ್ಕೆ, ಉತ್ತರದಿಂದ ಬಲಕ್ಕೆ ಎಣಿಸಿದರೆ 126 ಡಿಗ್ರಿಯಲ್ಲಿ, ದಿಗಂತದಿಂದ 64–65 ಡಿಗ್ರಿ ಮೇಲೆ. (ಮನೆಯ ಡಿಶ್ ಆಫ್‌ಸೆಟ್ ಬಗೆಯದು, ಮುಖ ಅಷ್ಟು ಮೇಲೆತ್ತಿದಂತೆ ಕಾಣುವುದಿಲ್ಲ. ಕಾಫಿ ತೋಟದಲ್ಲಿ ಸಿಲ್ವರ್ ಮರ ಅಡ್ಡ ಬಂದಿದೆಯೇ ಎಂದು ನೋಡುವಾಗ ತಟ್ಟೆಯ ಓರೆ ನಂಬದೆ ಆ 65 ಡಿಗ್ರಿಯನ್ನೇ ಹಿಡಿದು ನೋಡಬೇಕು.) 60 ಸೆಂ.ಮೀ. ಡಿಶ್ಶಿನ ನೋಟದ ಅಗಲ ಸುಮಾರು 3 ಡಿಗ್ರಿ, ಆದ್ದರಿಂದ ಉಪಗ್ರಹ 0.1 ಡಿಗ್ರಿ ಸರಿದದ್ದು ಅದಕ್ಕೆ ತಿಳಿಯುವುದೇ ಇಲ್ಲ. ಕಕ್ಷೆ ಎರಡು ಮೂರು ಡಿಗ್ರಿ ಓರೆಯಾಗಲು ಬಿಟ್ಟರೆ ಮಾತ್ರ ಚಿತ್ರ ದಿನದ ಕೆಲವು ಹೊತ್ತು ಬಂದು ಕೆಲವು ಹೊತ್ತು ಹೋಗುತ್ತದೆ. ಮಳೆಗಾಲದಲ್ಲಿ ಹೋಗುವುದು ಬೇರೆ ಕಾರಣಕ್ಕೆ. ಡಿಶ್ ದೊಡ್ಡದಾದಷ್ಟೂ ನೋಟ ಕಿರಿದಾಗುತ್ತದೆ, ಹಾಗಾಗಿ ದೊಡ್ಡ ಡಿಶ್‌ಗಳು ಉಪಗ್ರಹವನ್ನು ಹಿಂಬಾಲಿಸುತ್ತ ತಿರುಗಬೇಕು.

‘ಭೂಸ್ಥಿರ’ ಮತ್ತು ‘ಭೂಸಮಕಾಲಿಕ’ವನ್ನು ಒಂದರ ಬದಲು ಒಂದು ಬಳಸಬೇಡಿ. ಜಿಪಿಎಸ್‌ನಂತೆ ಸ್ಥಳ ತಿಳಿಸುವ ನಮ್ಮ ದೇಶದ ನಾವಿಕ್ ವ್ಯವಸ್ಥೆಯ ಮೂಲ ವಿನ್ಯಾಸವನ್ನೇ ನೋಡಿ. ಏಳು ಉಪಗ್ರಹಗಳಲ್ಲಿ ಮೂರು ಭೂಸ್ಥಿರ. ಉಳಿದ ನಾಲ್ಕರ ಕಕ್ಷೆ ಬೇಕೆಂದೇ 29 ಡಿಗ್ರಿ ಓರೆ. ಅವುಗಳ ಸುತ್ತಿನ ಹೊತ್ತು ಅಷ್ಟೇ ಆದರೂ ಆಕಾಶದಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಅಡ್ಡಾಡುತ್ತವೆ. ಅವು ಭೂಸಮಕಾಲಿಕ ಮಾತ್ರ, ಭೂಸ್ಥಿರ ಅಲ್ಲ.

ಇನ್ನೊಂದು ಪದ, ನೀವು ಕೇಳದಿದ್ದರೂ: ಆಟಿಟ್ಯೂಡ್. ಅದನ್ನು ಆಲ್ಟಿಟ್ಯೂಡ್ ಎಂದು ಓದಿ ‘ಎತ್ತರ’ ಎಂದು ಬರೆದುಬಿಡುತ್ತಾರೆ. ಅದು ಉಪಗ್ರಹ ಯಾವ ಕಡೆ ಮುಖ ಮಾಡಿದೆ ಎಂಬುದು, ‘ಭಂಗಿ’ ಅನ್ನಿ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಸೆಪ್ಟೆಂಬರಿನಲ್ಲೇ ಕೈಬಿಟ್ಟು ಹೋದದ್ದು ಭಂಗಿ ಕಾಯುವ ನೋದಕ ಮುಗಿದು. ಎತ್ತರ ಎಂದು ಬರೆದರೆ ಇತಿಹಾಸವೇ ತಪ್ಪಾಗುತ್ತದೆ.

‘ಗ್ರಹಣ’ ಪದ ಬಂದಿದ್ದರೆ ಹಾಗೇ ಇರಲಿ. ಮಾರ್ಚ್, ಸೆಪ್ಟೆಂಬರ್ ವಿಷುವಗಳ ಆಚೀಚೆ ಸುಮಾರು ಮೂರು ವಾರ ಈ ಉಪಗ್ರಹಗಳು ದಿನವೂ ಭೂಮಿಯ ನೆರಳಿಗೆ ಸಿಗುತ್ತವೆ. ಹೆಚ್ಚೆಂದರೆ 72 ನಿಮಿಷ, ಆಗ ಬ್ಯಾಟರಿಯೇ ಗತಿ.

ನನಗೂ ಒಂದು ಪದ ಬೇಕಾಗಿದೆ. ಮೇಲೆ ‘ಜರುಗು’ ಎಂದು ಕ್ರಿಯಾಪದವಾಗಿ ಬಳಸಿದೆ. ‘ದಿನಕ್ಕೆ ಇಷ್ಟು ಡಿಗ್ರಿ’ ಎಂದು ಅಳೆಯುವ ಡ್ರಿಫ್ಟ್‌ಗೆ ನಾಮಪದ ಏನು? ‘ಜರುಗುವಿಕೆ’ ಉದ್ದವಾಯಿತು, ‘ಸರಿತ’ ಅಂದರೆ ನದಿಯ ನೆನಪು ಬರುತ್ತದೆ. ಮಲೆನಾಡಿನ ಕಡೆ ತಾನಾಗಿ ನಿಧಾನಕ್ಕೆ ಸರಿಯುವುದಕ್ಕೆ ಬೇರೆ ಮಾತು ಏನಾದರೂ ಬಳಕೆಯಲ್ಲಿದ್ದರೆ ತಿಳಿಸಿ.